ಅಪ್ಪನ ಗ್ಯಾಸ್ಟ್ರಿಕ್ಕೂ ನನ್ನ ಕ್ರೆಡಿಟ್ ಸ್ಕೋರೂ

ಮಾನ್ಯ ಸಾಲ ವಸೂಲಿ ಸಂಸ್ಥೆಯವರಿಗೆ,

ಪ್ಲೇನೊ, ಟೆಕ್ಸಸ್‌ನಿಂದ ನಮಸ್ಕಾರಗಳು. ಇದುವರೆಗೆ ನಿಮಗೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಯಾವ ಪತ್ರವನ್ನೂ ನೀವು ಓದಿದ ಲಕ್ಷಣ ಕಾಣಲಿಲ್ಲ. ಓದದಿರುವವರಿಗೆ ಯಾವ ಭಾಷೆಯಾದರೇನು ಎಂದು ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನು ಇಲ್ಲಿ ಹಾಕಿಲ್ಲ. ಭಯಕ್ಕಲ್ಲ, ಸೌಜನ್ಯಕ್ಕೆ. ನನ್ನ ಹೆಸರನ್ನು ಕ್ರೆಡಿಟ್ ಬ್ಯೂರೋಗಳಿಗೆ ಕೊಡುವ ಮುಂಚೆ ನೀವು ಅಂಥ ಸೌಜನ್ಯ ತೋರಲಿಲ್ಲ, ಇರಲಿ.

ವಿಷಯಕ್ಕೆ ಬರುತ್ತೇನೆ. ನಾನು 1,412 ಡಾಲರ್ 60 ಸೆಂಟ್ ವೈದ್ಯಕೀಯ ಸಾಲ ಉಳಿಸಿಕೊಂಡಿದ್ದೇನೆ ಎಂದು ನೀವು ವರದಿ ಮಾಡಿದ್ದೀರಿ. ನನಗೆ ಇದು ತಿಳಿದದ್ದು ಮನೆ ಸಾಲಕ್ಕೆ ಅರ್ಜಿ ಹಾಕಿದಾಗ. ಅಲ್ಲಿಯತನಕ ನೀವೊಂದು ಕಾಗದ ಹಾಕಿರಲಿಲ್ಲ, ಫೋನ್ ಮಾಡಿರಲಿಲ್ಲ. ಬ್ಯಾಂಕಿನ ಹೆಣ್ಣುಮಗಳು ಯಾರಿಗೋ ಕಾಯಿಲೆ ಬಂದ ಸುದ್ದಿ ಹೇಳುವವಳ ದನಿಯಲ್ಲಿ "ನಿಮ್ಮ ವರದಿಯಲ್ಲಿ ಒಂದು ಕಲೆಕ್ಷನ್ ಇದೆ" ಎಂದಳು. ಯಾರಿಗೆ ಕೊಡಬೇಕಾದ ದುಡ್ಡು ಅಂತ ಕೇಳಿದರೆ ಅವಳ ಪ್ರತಿಯಲ್ಲಿ ಆಸ್ಪತ್ರೆಯ ಹೆಸರೇ ಇಲ್ಲ. "ವೈದ್ಯಕೀಯ ಪಾವತಿ ಮಾಹಿತಿ" ಅಂತಷ್ಟೇ ಇದೆ. ರೋಗಿಯ ಗುಟ್ಟು ಬಯಲಾಗಬಾರದೆಂದು ಕಾನೂನೇ ಆ ಹೆಸರನ್ನು ಮರೆಮಾಡಿಸುತ್ತದಂತೆ. ಒಳ್ಳೆಯದೇ. ಸಾಲ ಬಾಕಿ ಇರುವುದು ಮಾತ್ರ ಊರಿಗೆಲ್ಲ ತಿಳಿಯಬಹುದು.

ಹುಡುಕಿ, ಕೆದಕಿ, ಕೊನೆಗೆ ಗೊತ್ತಾದದ್ದು ಇದು: ಆ ಸಾಲ ನನ್ನ ಎದೆಯದ್ದಲ್ಲ, ನಮ್ಮಪ್ಪನ ಎದೆಯದ್ದು. ಎದೆಯದ್ದೂ ಅಲ್ಲ, ಹೊಟ್ಟೆಯದ್ದು.

2023ರ ಬೇಸಿಗೆಯಲ್ಲಿ ಅಪ್ಪ ಅರಸೀಕೆರೆ ಕಡೆಯಿಂದ ಬಂದು ನಮ್ಮ ಮನೆಯಲ್ಲಿದ್ದರು. ಒಂದು ಶನಿವಾರ ಗೆಳೆಯರ ಮನೆಯಲ್ಲಿ ನಾಮಕರಣದ ಊಟ. ಬಿಸಿಬೇಳೆಭಾತು, ಮೆಣಸಿನಕಾಯಿ ಬಜ್ಜಿ, ಮೇಲೊಂದು ಒತ್ತಾಯದ ಹೋಳಿಗೆ. ರಾತ್ರಿ ಹನ್ನೊಂದಕ್ಕೆ "ಎದೆ ಹಿಡ್ಕೊಂಡಂಗಾಗ್ತಿದೆ ಕಣೋ" ಅಂದರು. ಊರಲ್ಲಾಗಿದ್ದರೆ ಜೀರಿಗೆ ಕಷಾಯ, ಅಂಗಳದಲ್ಲಿ ನಾಲ್ಕು ಸುತ್ತು, ಒಂದು ತೇಗು, ಅಲ್ಲಿಗೆ ಮುಗಿಯುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ಎದೆ ಅಂದಮೇಲೆ ಕಷಾಯ ಕಾಯಿಸುತ್ತ ಕೂರುವ ಧೈರ್ಯ ನನಗಿರಲಿಲ್ಲ. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ಇಸಿಜಿ, ಎಕ್ಸ್‌ರೇ, ಹೃದಯದ ರಕ್ತಪರೀಕ್ಷೆ, ಕೆಲವು ಗಂಟೆ ಬಿಟ್ಟು ಅದೇ ಪರೀಕ್ಷೆ ಮತ್ತೊಮ್ಮೆ. ಬೆಳಗಿನ ಜಾವ ಡಾಕ್ಟರು ಬಂದು, ಹೃದಯಕ್ಕೆ ಏನೂ ಆಗಿಲ್ಲ, ಆಮ್ಲದ ತೊಂದರೆ ಎಂದರು. ನಾನು ಅನುವಾದಿಸುವ ಮೊದಲೇ ಅಪ್ಪ "ಗ್ಯಾಸ್ಟ್ರಿಕ್ ತಾನೆ? ನಾನು ಆಗ್ಲೇ ಹೇಳಲಿಲ್ವಾ" ಅಂದರು. ಅವರು ಹೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅಪ್ಪನ ಜತೆ ಯಾರು ವಾದ ಮಾಡುತ್ತಾರೆ?

ಎಮರ್ಜೆನ್ಸಿ ಭೇಟಿಗಳಿಗೆ ಐದು ದರ್ಜೆಯ ಸಂಕೇತಗಳಿವೆ. ಅಪ್ಪನ ತೇಗಿಗೆ ಅತಿ ಮೇಲಿನದು ಸಿಕ್ಕಿತ್ತು: 99285. ಜೀವನದಲ್ಲಿ ಎಲ್ಲೂ ಫಸ್ಟ್ ಕ್ಲಾಸ್ ಬಾರದ ನಮ್ಮಪ್ಪನಿಗೆ ಇದು ದೊಡ್ಡ ಗೌರವ. ತಕರಾರು ತೆಗೆಯುತ್ತಿಲ್ಲ, ಎದೆನೋವು ಎಂದು ಬಂದವರನ್ನು ಕೂಲಂಕಷವಾಗಿ ನೋಡುವುದೇ ಸರಿ. 2015ರ ಅಕ್ಟೋಬರಿನಿಂದ ಈ ದೇಶದಲ್ಲಿ ಬಳಕೆಯಲ್ಲಿರುವ ರೋಗಸಂಕೇತಗಳ ಪಟ್ಟಿಯಲ್ಲಿ ಬಾತುಕೋಳಿ ಬಡಿದದ್ದಕ್ಕೊಂದು ಸಂಕೇತವಿದೆ, ಅತ್ತೆಮಾವಂದಿರ ಜತೆ ಹೊಂದಾಣಿಕೆಯಾಗದ್ದಕ್ಕೂ ಒಂದಿದೆ, ಝಡ್ 63.1. ಅದರ ಪ್ರಕಾರ ಬಿಲ್ ಮಾಡಹೊರಟರೆ ಕರ್ನಾಟಕದ ಜಿಲ್ಲಾಸ್ಪತ್ರೆಗಳು ಒಂದೇ ವಾರದಲ್ಲಿ ಶ್ರೀಮಂತವಾದಾವು. ಇಷ್ಟು ಸೂಕ್ಷ್ಮವಾಗಿ ಎಲ್ಲವನ್ನೂ ಗುರುತಿಸಬಲ್ಲ ವ್ಯವಸ್ಥೆಗೆ, ಹಾಸಿಗೆಯ ಮೇಲೆ ಮಲಗಿದ್ದವನು ಅಪ್ಪನೋ ಮಗನೋ ಎಂಬುದು ಮಾತ್ರ ಗುರುತಾಗಲಿಲ್ಲ ನೋಡಿ.

ಆಮೇಲೆ ಕಾಗದಗಳು ಬಂದವು. ಆಸ್ಪತ್ರೆಯದೊಂದು, ಡಾಕ್ಟರದು ಬೇರೊಂದು (ಅವರು ಆಸ್ಪತ್ರೆಯವರಲ್ಲ, ಬೇರೆ ಕಂಪನಿಯವರು), ಎಕ್ಸ್‌ರೇ ಓದಿದವರದು ಇನ್ನೊಂದು. ಇವುಗಳ ನಡುವೆ ವಿಮಾ ಕಂಪನಿಯ ವಿವರಪಟ್ಟಿ. ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ "ಇದು ಬಿಲ್ ಅಲ್ಲ" ಎಂಬ ಘೋಷಣೆ. ಮೊತ್ತ, ಕಡಿತ, ಬಾಕಿ ಎಲ್ಲ ಇದ್ದೂ ಅದು ಬಿಲ್ ಅಲ್ಲ. ಅಪ್ಪ ಬರುವ ಮುಂಚೆಯೇ ಪ್ರವಾಸಿ ವಿಮೆ ಮಾಡಿಸಿದ್ದೆ. ಅನಿರೀಕ್ಷಿತ ಬಿಲ್ಲುಗಳಿಂದ ರೋಗಿಯನ್ನು ಕಾಯುವ ಕಾನೂನೊಂದು 2022ರ ಜನವರಿ 1ರಿಂದ ಇಲ್ಲಿ ಜಾರಿಯಲ್ಲಿದೆ, ಆದರೆ ಪ್ರವಾಸಿ ವಿಮೆ ಅದರ ನೆರಳಿಗೆ ಬರುವುದಿಲ್ಲ. ಅದಕ್ಕೇ ಒಂದೊಂದು ಕಾಗದವನ್ನೂ ಬೆನ್ನು ಹತ್ತಿ, ವಿಮೆಯವರಿಂದ ಹಣ ಕೊಡಿಸಿ, ಕಡಿತದ ಪಾಲನ್ನು ಅಪ್ಪನ ಹೆಸರಿನಲ್ಲಿ ಕಟ್ಟಿ, ಬಾಕಿ ಸೊನ್ನೆ ಎಂದು ಬರೆಸಿಕೊಂಡೆ. ಆ ಪತ್ರ ನನ್ನ ಬಳಿ ಇದೆ. ನಿಮ್ಮ ಬಳಿಯೂ ಇದೆ, ನಾನೇ ಕಳಿಸಿದ್ದೇನೆ.

ತೀರಿದ ಸಾಲಕ್ಕೆ ಮರುಜನ್ಮ ಬಂದದ್ದು, ಅದೂ ಮಗನ ಮೈಯಲ್ಲಿ, ಹೇಗೆ? ನನ್ನ ಊಹೆ ಹೇಳುತ್ತೇನೆ. ನಮ್ಮ ಕಡೆ ಮನೆತನದ ಹೆಸರು ಅಂತ ಇರುವುದಿಲ್ಲ. ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಖಾಲಿ ಇದ್ದರೆ ಅಮೆರಿಕದ ವೀಸಾದವರು ಇರುವ ಒಂದೇ ಹೆಸರನ್ನು ಕೊನೆಯ ಹೆಸರಾಗಿಸಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿಯದು ಎಂದು ಬರೆಯುತ್ತಾರೆ. ಅಪ್ಪನ ಆ ಹೆಸರೇ ನನ್ನ ಕೊನೆಯ ಹೆಸರು. ಇಬ್ಬರದೂ ಅದೇ ವಿಳಾಸ. ಅಪ್ಪನಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ, ನನಗಿದೆ. ನಿಮ್ಮ ಕಂಪ್ಯೂಟರ್ ಸಾಲಗಾರನನ್ನು ಹುಡುಕಿಕೊಂಡು ಆ ವಿಳಾಸಕ್ಕೆ ಬಂದಾಗ ಕೈಗೆ ಸಿಕ್ಕವನು ನಾನು. ಹೆಸರು ಹೋಲಿದರೆ ಸಾಕು ಎಂಬ ಈ ಶಾಸ್ತ್ರಕ್ಕೆ ಇಲ್ಲಿ ಇತಿಹಾಸವೇ ಇದೆ. 2011ರಲ್ಲಿ ಸರ್ಜಿಯೊ ರಾಮಿರೆಜ್ ಎಂಬವರು ಕಾರು ಕೊಳ್ಳಲು ಹೋದರೆ, ಟ್ರಾನ್ಸ್‌ಯೂನಿಯನ್ ಎಂಬ ಕ್ರೆಡಿಟ್ ಬ್ಯೂರೋದ ವರದಿ ಅವರ ಹೆಸರು ಭಯೋತ್ಪಾದಕರೇ ಮೊದಲಾದವರ ಸರ್ಕಾರಿ ಪಟ್ಟಿಗೆ ತಾಳೆಯಾಗುತ್ತದೆ ಎಂದು ತೋರಿಸಿತು. ಮೊದಲ ಹೆಸರು, ಕೊನೆಯ ಹೆಸರು, ಇವೆರಡನ್ನೇ ಇಟ್ಟುಕೊಂಡು ಮಾಡಿದ ತಾಳೆ ಅದು. ಪ್ರಕರಣ 2021ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದರ ಮುಂದೆ ನನ್ನ ಪಾಡು ವಾಸಿ, ಬರೀ ಸಾಲಗಾರನೆನಿಸಿಕೊಂಡಿದ್ದೇನೆ.

ಮಗನಾದವನು ಅಪ್ಪನ ಆಸ್ಪತ್ರೆ ಖರ್ಚು ಕೊಡಬೇಕಲ್ಲವೇ ಎಂದು ನೀವು ನೀತಿಪಾಠ ಹೇಳಬಹುದು. ಭಾರತದಲ್ಲಿ 2007ರ ಕಾಯ್ದೆಯಂತೆ ತಂದೆತಾಯಿಯ ಪೋಷಣೆ ಮಕ್ಕಳ ಕರ್ತವ್ಯ, ಒಪ್ಪಿದೆ. ಪೆನ್ಸಿಲ್ವೇನಿಯಾದಲ್ಲೂ ಅಂಥದೊಂದು ಹಳೆಯ ಕಾನೂನಿದ್ದು, 2012ರಲ್ಲಿ ಒಬ್ಬ ಮಗನ ತಲೆಗೆ ತಾಯಿಯ ಶುಶ್ರೂಷಾಲಯದ ಸುಮಾರು 93,000 ಡಾಲರ್ ಬಿಲ್ ಕಟ್ಟಲಾಯಿತು. ಆದರೆ ನಾನಿರುವುದು ಟೆಕ್ಸಸ್‌ನಲ್ಲಿ. ಇಲ್ಲಿ ನಾನು ಜಾಮೀನಿಗೆ ಸಹಿ ಹಾಕಿದ್ದರೆ ಮಾತ್ರ ಹೊಣೆ. ಅಂದು ರಾತ್ರಿ ನರ್ಸು ತಂದ ಎಲೆಕ್ಟ್ರಾನಿಕ್ ಹಲಗೆಯ ಮೇಲೆ ಸಹಿ ಮಾಡಿದವರು ಅಪ್ಪ, ಕನ್ನಡದಲ್ಲಿ, ಕೊನೆಯ ಅಕ್ಷರದ ಬಾಲವನ್ನು ಹಲಗೆಯ ಅಂಚಿನವರೆಗೆ ಎಳೆದು. ಆ ಸಹಿಯನ್ನು ತೋರಿಸಿ ಎಂದು ಕೇಳಿದೆ. ನೀವು ತೋರಿಸಲಿಲ್ಲ.

ತೋರಿಸುವ ಬದಲು "ಪರಿಶೀಲಿಸಲಾಗಿದೆ" ಎಂದಿರಿ. ನಿಮ್ಮ ಈ ಪರಿಶೀಲನೆಯ ವಿಧಾನ ನನಗೆ ಬಹಳ ಹಿಡಿಸಿತು. ಬ್ಯೂರೋಗೆ ನಾನು ದಪ್ಪನೆಯ ಲಕೋಟೆ ಕಳಿಸಿದೆ: ಸೊನ್ನೆ ಬಾಕಿಯ ಪತ್ರ, ವಿಮೆಯವರ ಪಾವತಿ, ಅಪ್ಪನ ಪಾಸ್‌ಪೋರ್ಟಿನ ನಕಲು, ಎಲ್ಲವನ್ನೂ ಬಿಡಿಸಿ ಹೇಳುವ ಪತ್ರ. ಬ್ಯೂರೋಗಳೂ ನೀವೂ ಬಳಸುವ ಈ-ಆಸ್ಕರ್ ಎಂಬ ವ್ಯವಸ್ಥೆಯೊಳಗೆ ಇಂಥ ಕಥೆಯೆಲ್ಲ ಮೂರಂಕಿಯ ಸಂಕೇತವಾಗಿ ಹಿಂಡಿಕೊಳ್ಳುತ್ತದೆ. ನನ್ನಂಥವರಿಗೆ ಸಲ್ಲುವುದು 001: "ಇವರದಲ್ಲ". ಲಗತ್ತಿಸಿದ ಕಾಗದ ನಿಮ್ಮವರೆಗೆ ಬರುವ ದಾರಿ 2013ರಿಂದ ಇದೆ ಅನ್ನುತ್ತಾರೆ. ಬಂದದ್ದನ್ನು ತೆರೆಯುವ ದಾರಿ ಇನ್ನೂ ಆಗಬೇಕು. ನೀವು ನಿಮ್ಮ ಕಂಪ್ಯೂಟರಿನಲ್ಲಿ ನೋಡುತ್ತೀರಿ, ಅಲ್ಲಿ ನನ್ನ ಹೆಸರಿದೆ. ಬ್ಯೂರೋದ ಕಂಪ್ಯೂಟರಿನಲ್ಲೂ ನನ್ನ ಹೆಸರಿದೆ. ಎರಡೂ ತಾಳೆಯಾದವು, ಆದ್ದರಿಂದ ಸತ್ಯ. ಬ್ಯೂರೋಗೆ ಆ ಹೆಸರು ಕೊಟ್ಟವರೇ ನೀವು ಎಂಬುದು ಲೆಕ್ಕಕ್ಕಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನೀವು ಒಂದು ಹೆಜ್ಜೆ ಮುಂದೆ ಹೋಗಿ ಕರುವಿನ ಜನನ ಪ್ರಮಾಣಪತ್ರವನ್ನೂ ಕೊಡುತ್ತೀರಿ. ಇದಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಅಷ್ಟು ದಿನ ಏಕೆ ಬೇಕೋ, ತಾಳೆ ನೋಡಲು ಅರೆಗಳಿಗೆ ಸಾಕಾಗುತ್ತದೆ.

ಕಾನೂನಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಈ ದೇಶದಲ್ಲಿರುವ ನಮ್ಮವರೂ ಕಿವಿಗೆ ಹಾಕಿಕೊಳ್ಳಲಿ. 1977ರಲ್ಲೇ ಬಂದ ವಸೂಲಿ ಕಾಯ್ದೆಯ ಪ್ರಕಾರ ನೀವು ಮೊದಲು ಸಂಪರ್ಕಿಸಿದ ಐದು ದಿನದೊಳಗೆ ಸಾಲದ ವಿವರ ಬರವಣಿಗೆಯಲ್ಲಿ ಕೊಡಬೇಕು. ಅದು ಕೈಸೇರಿದ 30 ದಿನದೊಳಗೆ ನಾನು ಬರವಣಿಗೆಯಲ್ಲಿ ತಕರಾರು ಹೇಳಿದರೆ, ಪುರಾವೆ ಕೊಡುವವರೆಗೆ ನೀವು ವಸೂಲಿ ನಿಲ್ಲಿಸಬೇಕು. ಬೆಳಗ್ಗೆ ಎಂಟಕ್ಕೆ ಮುಂಚೆ, ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡುವಂತಿಲ್ಲ. 2021ರ ನವೆಂಬರ್ 30ರಿಂದ ಇನ್ನೊಂದು ನಿಯಮ ಸೇರಿದೆ: ಜನರ ಜತೆ ಮಾತಾಡದೆ, ಇಲ್ಲವೇ ಕಾಗದ ಕಳಿಸಿ ಒಂದಷ್ಟು ದಿನ ಕಾಯದೆ, ಸಾಲವನ್ನು ಬ್ಯೂರೋಗೆ ಹಾಕುವಂತಿಲ್ಲ. ಸದ್ದಿಲ್ಲದೆ ವರದಿಯಲ್ಲಿ ಸಾಲ ನಿಲ್ಲಿಸಿ ಹೋಗುವ ಆ ಚಾಳಿಗೆ ಇಲ್ಲಿನವರು ಸಾಲ ಪಾರ್ಕಿಂಗ್ ಅನ್ನುತ್ತಾರೆ. ಕಾರಿನ ಮಾಲೀಕನೇ ಒಂದು ದಿನ ಅಡ್ಡಬಿದ್ದ ಕಾರನ್ನು ಕಂಡು ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾನೆ ಎಂಬ ಲೆಕ್ಕ. 2020ರಲ್ಲಿ ಕೇಂದ್ರ ವ್ಯಾಪಾರ ಆಯೋಗ ಮಿಸೌರಿಯ ಕಂಪನಿಯೊಂದರ ಮೇಲೆ ಇದೇ ಆರೋಪ ಹೊರಿಸಿತು. ಗ್ರಾಹಕರ ದೂರಿನ ಮೇಲೆ ಆ ಕಂಪನಿ ತಾನೇ ತನಿಖೆ ಮಾಡಿದ ಸಾಲಗಳಲ್ಲಿ ಶೇಕಡಾ 80ರಿಂದ 97ರಷ್ಟು ತಪ್ಪು ಅಥವಾ ಅಸಿಂಧು ಎಂದು ಕಂಡಿತ್ತು ಎಂಬುದೂ ಆ ಆರೋಪಪತ್ರದಲ್ಲಿತ್ತು. ಉಳಿದ ಶೇಕಡಾ 3ರಿಂದ 20ರ ಪ್ರಾಮಾಣಿಕತೆಗೆ ನಮಸ್ಕರಿಸಬೇಕು.

ನಿಮ್ಮ ಕಸುಬಿನ ದರಪಟ್ಟಿಯನ್ನೂ ಕೊಂಚ ಓದಿಕೊಂಡೆ. ಅದೇ ಆಯೋಗ 2013ರಲ್ಲಿ ಲೆಕ್ಕ ಹಾಕಿದಂತೆ, ಸಾಲ ಕೊಳ್ಳುವ ಕಂಪನಿಗಳು ಒಂದು ಡಾಲರ್ ಸಾಲಕ್ಕೆ ಸರಾಸರಿ ನಾಲ್ಕು ಸೆಂಟ್ ಕೊಡುತ್ತಿದ್ದವು. ಹಳೆಯ ವೈದ್ಯಕೀಯ ಸಾಲ ಇನ್ನೂ ಅಗ್ಗ: 2016ರಲ್ಲಿ ಟಿವಿ ಹಾಸ್ಯಗಾರ ಜಾನ್ ಆಲಿವರ್ 50 ಡಾಲರ್ ಕೊಟ್ಟು ಮಿಸಿಸಿಪ್ಪಿಯಲ್ಲಿ ಒಂದು ವಸೂಲಿ ಕಂಪನಿ ನೋಂದಾಯಿಸಿ, ಸುಮಾರು 60,000 ಡಾಲರಿಗೆ ಒಂದೂವರೆ ಕೋಟಿ ಡಾಲರ್ ಹತ್ತಿರದ ವೈದ್ಯಕೀಯ ಸಾಲ ಕೊಂಡು, ಎಲ್ಲವನ್ನೂ ಮನ್ನಾ ಮಾಡಿಸಿದ. ಮನ್ನಾ ಮಾಡಿಸಲು ನೆರವಾದ ದತ್ತಿ ಸಂಸ್ಥೆಯನ್ನು 2014ರಲ್ಲಿ ಹುಟ್ಟುಹಾಕಿದವರು ಯಾರು ಗೊತ್ತೇ? ವಸೂಲಿ ಉದ್ಯಮದಲ್ಲೇ ಪಳಗಿದ ಇಬ್ಬರು ಮಾಜಿ ಅಧಿಕಾರಿಗಳು. ನಿಮ್ಮ ಪೈಕಿಯವರು. ನೀವು ನನ್ನ ಸಾಲವನ್ನು ಕೊಂಡಿರೋ ಕಮಿಷನ್ನಿಗೆ ವಸೂಲಿ ಮಾಡುತ್ತಿದ್ದೀರೋ ನನಗೆ ಹೇಳಿಲ್ಲ. ನಾಲ್ಕು ಸೆಂಟ್ ಲೆಕ್ಕದಲ್ಲಿ ಕೊಂಡಿದ್ದರೆ ನಮ್ಮಪ್ಪನ ಆ ರಾತ್ರಿಯ ಬೆಲೆ 56 ಡಾಲರ್ ಚಿಲ್ಲರೆ. ಹೋಳಿಗೆ ಮಾಡಿದವರಿಗೆ ಇದನ್ನು ಹೇಳಿಲ್ಲ, ಬೇಜಾರು ಮಾಡಿಕೊಂಡಾರು.

ನೀವು ಕೋರ್ಟಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತು. ಹೋದರೆ ಕಾಗದ ತೋರಿಸಬೇಕು. ನಿಮಗೆ ಬೇಕಾದ ಕೋರ್ಟು ನನ್ನ ವರದಿಯಲ್ಲೇ ಇದೆ. ಅಲ್ಲಿ ಒಂದು ಸಾಲು ಬರೆದಿಟ್ಟರಾಯಿತು. ಮನೆ ಸಾಲ ಬೇಕಾದವನು ತಾನೇ ಬಂದು ತಪ್ಪುಕಾಣಿಕೆ ಹಾಕುತ್ತಾನೆ. 300ರಿಂದ 850ರ ನಡುವಿನ ಆ ಕ್ರೆಡಿಟ್ ಸ್ಕೋರಿನ ಹೊಸ ಆವೃತ್ತಿಗಳು ವೈದ್ಯಕೀಯ ಸಾಲಕ್ಕೆ ಕಡಿಮೆ ತೂಕ ಕೊಡುತ್ತವೆ, ಯಾಕೆಂದರೆ ಕಾಯಿಲೆ ಬಿದ್ದವನು ಕಂತು ತಪ್ಪಿಸುವವನೇ ಆಗಬೇಕಿಲ್ಲ. ಮನೆ ಸಾಲದವರು ನೋಡುತ್ತ ಬಂದದ್ದು ಹಳೆಯ ಆವೃತ್ತಿಗಳನ್ನೇ. ಅದೂ ನಿಮಗೆ ಗೊತ್ತು. ನನ್ನ ವರದಿಯ ಆ ಸಾಲು ಬ್ಯಾಂಕಿಗೆ ನನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ಬರೆದಿರುವುದು ನನ್ನನ್ನು ಬಗ್ಗಿಸಲಿಕ್ಕೆ.

ಬಗ್ಗಿದವರು ನಮ್ಮ ಮನೆಯಲ್ಲೇ ಇದ್ದಾರೆ ಎಂಬುದು ನಿಮಗೆ ಸಂತೋಷದ ಸುದ್ದಿ. ಈ ವಿಷಯ ಹೇಗೋ ಊರಿಗೆ ಮುಟ್ಟಿತು. ಅಪ್ಪ ಫೋನ್ ಮಾಡಿದರು. ಸೊಸೈಟಿ ಸಾಲದ ಕಂತನ್ನು ಒಂದು ಸಲವೂ ತಪ್ಪಿಸದ ಮನುಷ್ಯ. ರಸಗೊಬ್ಬರದ ರಸೀದಿಯಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲವನ್ನೂ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಇಸವಿವಾರು ಇಟ್ಟಿರುವವರು. "ಕೊಟ್ಬಿಡು ಮಗ" ಅಂದರು. "ನಮ್ದಲ್ಲ ಅಪ್ಪ, ಕಟ್ಟಾಗಿದೆ" ಅಂದೆ. "ಗೊತ್ತು. ಆದ್ರೂ ಹೆಸರು ಕೆಡಿಸ್ಕೊಬೇಡ. ಕೊಬ್ಬರಿ ಮಾರಿದ್ ದುಡ್ಡಿದೆ, ಹಾಕ್ತೀನಿ" ಅಂದರು. ಡಾಲರಿನಲ್ಲಿ ಹೇಳಿದ್ದ ಮೊತ್ತವನ್ನು ಅವರು ಆಗಲೇ ರೂಪಾಯಿಗೆ ತಿರುಗಿಸಿದ್ದರು, ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತಿರ. ತಿಪಟೂರು ಮಾರುಕಟ್ಟೆಯಲ್ಲಿ ಅಷ್ಟಾಗಬೇಕಾದರೆ ಎಷ್ಟು ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು ಎಂದು ನಿಮ್ಮ ಕಂಪ್ಯೂಟರಿಗೆ ತಿಳಿಯದು. ನನಗೆ ಸಿಟ್ಟು ಬಂದದ್ದು ಆಗ. ಸಾಲವನ್ನು ನಿಜಕ್ಕೂ ಮುಳುಗಿಸುವವನು ನಿಮ್ಮ ಒಂದು ಸಾಲಿಗೆ ನಿದ್ದೆ ಕಳೆದುಕೊಳ್ಳುವುದಿಲ್ಲ. ನಿಮ್ಮ ಅಂಗಡಿ ನಡೆಯುವುದು ನಮ್ಮಪ್ಪನಂಥವರ ಮರ್ಯಾದೆಯ ಮೇಲೆ.

ಹೆದರಬೇಡಿ, ಸರ್ಕಾರವೂ ಒಮ್ಮೆ ನಮ್ಮ ಕಡೆ ನೋಡಿತ್ತು. ಕ್ರೆಡಿಟ್ ಬ್ಯೂರೋಗಳು ತಾವಾಗಿಯೇ 2022ರಲ್ಲಿ ತೀರಿದ ವೈದ್ಯಕೀಯ ಸಾಲಗಳನ್ನು ಕಿತ್ತುಹಾಕಿದವು, 2023ರಲ್ಲಿ 500 ಡಾಲರಿಗಿಂತ ಕಡಿಮೆಯವನ್ನೂ ತೆಗೆದವು. 2025ರ ಜನವರಿಯಲ್ಲಿ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ ಎಂಬ ಸರ್ಕಾರಿ ಸಂಸ್ಥೆ ಎಲ್ಲ ವೈದ್ಯಕೀಯ ಸಾಲಗಳನ್ನೂ ವರದಿಗಳಿಂದ ತೆಗೆಸುವ ನಿಯಮ ಹೊರಡಿಸಿತು. ಸುಮಾರು ಒಂದೂವರೆ ಕೋಟಿ ಜನರ 49 ಶತಕೋಟಿ ಡಾಲರ್ ಅಳಿಸಿಹೋಗುತ್ತಿತ್ತು. ಅದೇ ವರ್ಷ ಜುಲೈ 11ರಂದು ಫೆಡರಲ್ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಯಾವ ನ್ಯಾಯಾಲಯ ಅಂತೀರಿ? ಟೆಕ್ಸಸ್ ಪೂರ್ವ ಜಿಲ್ಲೆಯದು. ಪ್ಲೇನೊ ಅದರ ವ್ಯಾಪ್ತಿಯಲ್ಲೇ ಇದೆ. ನ್ಯೂಯಾರ್ಕ್, ಕೊಲರಾಡೊ, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಆದಾಯ ತೆರಿಗೆ ಇಲ್ಲ, ಮನೆ ಅಗ್ಗ ಎಂದು ಕ್ಯಾಲಿಫೋರ್ನಿಯಾ ಬಿಟ್ಟು ಇಲ್ಲಿಗೆ ಬಂದವನಿಗೆ ಇಷ್ಟಾದರೂ ಆಗಬೇಡವೇ ಎಂದು ಹೆಂಡತಿ ಕೇಳಿದಳು.

ಈಗ ನನ್ನ ಬೇಡಿಕೆ. ಯಾವ ದಿನದ, ಯಾವ ಸೇವೆಯ, ಯಾರ ಮೈಗೆ ಮಾಡಿದ ಚಿಕಿತ್ಸೆಯ ಬಿಲ್ ಇದು ಎಂದು ಬರೆದು ತಿಳಿಸಿ. ವಿಮೆಯವರು ಕೊಟ್ಟ ಹಣವನ್ನು ಯಾವ ಖಾತೆಗೆ ಜಮಾ ಮಾಡಿಕೊಂಡರು ಎಂದು ನಿಮ್ಮ ಕಕ್ಷಿದಾರರನ್ನು ಕೇಳಿ. ನನ್ನ ಸಹಿ ಇದೆ ಅನ್ನುವುದಾದರೆ ಅದರ ಪ್ರತಿ ಕೊಡಿ. ಅದು ಕನ್ನಡದಲ್ಲಿದ್ದು ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲವಿದ್ದರೆ ನನ್ನದಲ್ಲ ಎಂದು ತಿಳಿಯಿರಿ. ಇವು ಯಾವುವೂ ಇಲ್ಲದಿದ್ದರೆ, ಹಾಕಿದ ಕಡೆಯೆಲ್ಲ ಆ ಸಾಲನ್ನು ಅಳಿಸಿ. "ಪಾವತಿಯಾಗಿದೆ" ಎಂದು ತಿದ್ದುವುದು ಬೇಡ, ಅಳಿಸಿ. ಮೊನ್ನೆ ನಿಮ್ಮ ಹುಡುಗ ಫೋನಿನಲ್ಲಿ "ಸದ್ಭಾವನೆಗೆ ಅಂತ ಇಪ್ಪತ್ತೈದು ಡಾಲರ್ ಹಾಕಿ ಸಾರ್" ಎಂದ. ಪಾಪ, ಒಳ್ಳೆಯ ಹುಡುಗ, ದನಿಯಲ್ಲಿ ನಿದ್ದೆ ಸಾಲದ ಆಯಾಸವಿತ್ತು. ಆದರೆ ಹಾಗೆ ಹಾಕಿದ ಚೂರುಪಾರು ಹಣ ಹಲವು ರಾಜ್ಯಗಳಲ್ಲಿ ಸತ್ತ ಸಾಲದ ಕಾಲಮಿತಿಗೆ ಮತ್ತೆ ಜೀವ ಕೊಡುತ್ತದೆ ಎಂದು ನಾನು ಓದಿದ್ದೇನೆ. ಇನ್ನು ಮುಂದೆ ಫೋನ್ ಬೇಡ, ಕಾಗದದಲ್ಲೇ ಮಾತಾಡೋಣ. ನನ್ನ ಪತ್ರ ಮುಟ್ಟಿತು ಎಂದು ನಿಮ್ಮಲ್ಲಿ ಯಾರೋ ಸಹಿ ಹಾಕಿದ ಅಂಚೆಯ ಹಸಿರು ಕಾರ್ಡು ನನ್ನ ಬಳಿ ಭದ್ರವಾಗಿದೆ. ಇಷ್ಟು ವರ್ಷ ಸರದಿಯಲ್ಲಿ ನಿಂತ ನಮ್ಮ ಮನೆಗೆ ಬಂದಿರುವ ಹಸಿರು ಕಾರ್ಡು ಸದ್ಯಕ್ಕೆ ಅದೊಂದೇ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದ ವಕೀಲೆಯೊಬ್ಬರಿಗೆ ಈ ಕಡತವನ್ನೆಲ್ಲ ತೋರಿಸಿದ್ದೇನೆ. ವಸೂಲಿ ಕಾಯ್ದೆ ಮುರಿದಿದ್ದೀರಿ ಎಂದಾದರೆ ಕೋರ್ಟು ನನಗೆ 1,000 ಡಾಲರಿನವರೆಗೆ ಕೊಡಿಸಬಹುದಂತೆ, ನಷ್ಟವಾಗಿದ್ದರೆ ಅದು ಬೇರೆ. ಗೆದ್ದರೆ ವಕೀಲರ ಶುಲ್ಕವೂ ನಿಮ್ಮ ತಲೆಗೇ. ಆಕೆ ಆರಾರು ನಿಮಿಷಕ್ಕೊಂದರಂತೆ ಲೆಕ್ಕ ಬರೆಯುವವರು: ಯಾವ ದಿನ, ಯಾವ ಕೆಲಸ, ಯಾರಿಗಾಗಿ, ಎಷ್ಟು ಹೊತ್ತು ಎಂದು ಪ್ರತಿ ಸಾಲಿನಲ್ಲೂ ವಿವರ ಇರುತ್ತದೆ. ಬಿಲ್ ಅಂದರೆ ಹೇಗಿರಬೇಕು ಎಂದು ನಿಮ್ಮ ಕಚೇರಿಯಲ್ಲಿ ಮಾದರಿಗೆ ಇಟ್ಟುಕೊಳ್ಳಬಹುದು.

ಇತಿ,
ನಿಮ್ಮ ಸಾಲಗಾರನಲ್ಲದ,
ಅಪ್ಪನ ಮಗ